ಹಳೆಯ ಪೇಟೆಗೆ ಹೊಸ ಬಂಡವಾಳ: ಸಕ್ಕರೆಯ ಊರಿನಿಂದ ಒಂದು ನೋಟ

ತಾಯ್ನಾಡಿನಿಂದ ಬಂದ ಬಂಧುಗಳು "ನಿಮ್ಮೂರಿನ ಹಳೆಯ ಪೇಟೆ ಎಲ್ಲಿದೆ?" ಎಂದು ಕೇಳಿದರೆ ಶುಗರ್ ಲ್ಯಾಂಡ್‌ನ ನಾವು ಅವರನ್ನು ಟೌನ್ ಸ್ಕ್ವೇರ್‌ಗೆ ಕರೆದೊಯ್ಯುತ್ತೇವೆ. ಅದು ಈ ಶತಮಾನದಲ್ಲಿ ಕಟ್ಟಿದ ಚೌಕ. ನಿಜಕ್ಕೂ ಹಳೆಯದಾದದ್ದು 90-ಎ ಹೆದ್ದಾರಿಯ ಬದಿಯಲ್ಲಿದೆ: 1925ರ ಚಾರ್ ಹೌಸ್. ಎಲುಬಿನ ಇದ್ದಿಲಿನಿಂದ ಸಕ್ಕರೆಯ ಪಾಕವನ್ನು ಸೋಸಿ ಬಿಳುಪುಗೊಳಿಸುತ್ತಿದ್ದ ಎಂಟು ಅಂತಸ್ತಿನ ಇಟ್ಟಿಗೆಯ ಕಟ್ಟಡವದು. 2003ರಲ್ಲಿ ಇಂಪೀರಿಯಲ್ ಶುಗರ್ ಕಂಪನಿ ಇಲ್ಲಿನ ಕಾರ್ಖಾನೆಯನ್ನು ಮುಚ್ಚಿದ ಮೇಲೆ ಅದಕ್ಕೆ ಕೆಲಸವಿಲ್ಲದಾಯಿತು.

ಇಷ್ಟು ಹಳೆಯ ಊರಿಗೆ ಹಳೆಯ ಪೇಟೆಬೀದಿ ಏಕಿಲ್ಲ? ಇದು ಕಂಪನಿಯ ಊರಾಗಿತ್ತು. ಗ್ಯಾಲ್ವೆಸ್ಟನ್ನಿನ ಐಸಾಕ್ ಕೆಂಪ್ನರ್ ಮತ್ತು ವಿಲಿಯಂ ಎಲ್ಡ್ರಿಜ್ 20ನೆಯ ಶತಮಾನದ ಆರಂಭದಲ್ಲಿ ಇಲ್ಲಿನ ತೋಟ, ಕಾರ್ಖಾನೆಗಳನ್ನು ಕೊಂಡ ಮೇಲೆ ಮನೆಯೂ ಅಂಗಡಿಯೂ ಅವರದ್ದೇ ಆದವು. 1959ರಲ್ಲಷ್ಟೇ ಊರಿಗೆ ತನ್ನದೇ ಆದ ಪುರಸಭೆ ಬಂದಿತು. ಸ್ವತಂತ್ರ ವರ್ತಕರು ಒಬ್ಬರ ಪಕ್ಕದಲ್ಲೊಬ್ಬರು ಅಂಗಡಿಯಿಟ್ಟು ಬೆಳೆಸಿದ ಬೀದಿಯನ್ನು ನೋಡಬೇಕೆಂದರೆ ಅದೇ ಕೆಂಪ್ನರ್ ಮನೆತನದ ಗ್ಯಾಲ್ವೆಸ್ಟನ್ನಿಗೆ ಹೋಗಬೇಕು.

ಅಲ್ಲಿನ ಸ್ಟ್ರಾಂಡ್ ಬೀದಿ 19ನೆಯ ಶತಮಾನದಲ್ಲಿ ಹತ್ತಿಯ ವ್ಯಾಪಾರದಿಂದ ಮೆರೆದಿತ್ತು. 1900ರ ಚಂಡಮಾರುತ ನಗರವನ್ನು ಮುರಿಯಿತು. 1914ರಲ್ಲಿ ಹೂಸ್ಟನ್ನಿನ ಹಡಗು ಕಾಲುವೆ ತೆರೆದ ಮೇಲೆ ವ್ಯಾಪಾರ ಒಳನಾಡಿಗೆ ಸರಿಯಿತು. ಕೆಡವಿ ಹೊಸದು ಕಟ್ಟಲು ಯಾರಲ್ಲಿಯೂ ಹಣವಿರಲಿಲ್ಲ, ಆದ್ದರಿಂದಲೇ ಕಟ್ಟಡಗಳು ಉಳಿದವು. ಬಡತನದಷ್ಟು ನಿಷ್ಠೆಯ ಕಾವಲುಗಾರ ಬೇರೊಬ್ಬನಿಲ್ಲವೆಂದು ನಮಗೆ ಎಷ್ಟೋ ಬಾರಿ ಅನ್ನಿಸಿದೆ. 1970ರ ದಶಕದಲ್ಲಿ ಗ್ಯಾಲ್ವೆಸ್ಟನ್ ಹಿಸ್ಟಾರಿಕಲ್ ಫೌಂಡೇಷನ್ ಮೂಡಿ ಮತ್ತು ಕೆಂಪ್ನರ್ ದತ್ತಿಗಳ ನೆರವಿನಿಂದ ಒಂದು ಆವರ್ತ ನಿಧಿಯನ್ನು ಸ್ಥಾಪಿಸಿತು. ಅದರ ಕ್ರಮ ಸರಳವಾದದ್ದು. ಪಾಳುಬಿದ್ದ ಕಟ್ಟಡವನ್ನು ನಿಧಿಯಿಂದ ಕೊಳ್ಳುವುದು. ಮೂಲರೂಪವನ್ನು ಕೆಡಿಸದೆ ದುರಸ್ತಿ ಮಾಡಬೇಕೆಂಬ ಷರತ್ತನ್ನು ಕ್ರಯಪತ್ರದಲ್ಲಿಯೇ ಬರೆಸಿ ಹೊಸ ಹೂಡಿಕೆದಾರನಿಗೆ ಮಾರುವುದು. ಬಂದ ಹಣದಿಂದ ಮುಂದಿನ ಕಟ್ಟಡಕ್ಕೆ ಕೈಹಾಕುವುದು. ನಮ್ಮೂರಿನ ಸಕ್ಕರೆ ಕಂಪನಿಯನ್ನು ನಡೆಸಿದ ಮನೆತನದ ದತ್ತಿಯೇ ನೆರೆಯೂರಿನ ಹಳೆಯ ಪೇಟೆಯ ನೆರವಿಗೆ ಒದಗಿತೆಂಬುದು ಗಮನಾರ್ಹ.

ಸರ್ಕಾರದ ತೆರಿಗೆ ನೀತಿಯೂ ಅದೇ ದಶಕದಲ್ಲಿ ಮಗ್ಗುಲು ಬದಲಿಸಿತು. ಅಲ್ಲಿಯವರೆಗೆ ಹಳೆಯ ಕಟ್ಟಡವನ್ನು ಕೆಡವಿದ ಖರ್ಚನ್ನು ಆದಾಯದಲ್ಲಿ ಕಳೆಯಲು ಅವಕಾಶವಿತ್ತು. ಅಂದರೆ ಕಾನೂನು ಹಾರೆ ಹಿಡಿದವನ ಪಕ್ಷದಲ್ಲಿತ್ತು. 1976ರ ಕಾಯ್ದೆ ಐತಿಹಾಸಿಕ ಕಟ್ಟಡಗಳ ಮಟ್ಟಿಗೆ ಅದನ್ನು ನಿಲ್ಲಿಸಿ, ದುರಸ್ತಿ ಮಾಡುವವನಿಗೆ ಅನುಕೂಲ ಕಲ್ಪಿಸಿತು. 1981ರಲ್ಲಿ ದುರಸ್ತಿಯ ವೆಚ್ಚದ ಶೇ. 25ರಷ್ಟನ್ನು ಕಟ್ಟಬೇಕಾದ ತೆರಿಗೆಯಿಂದಲೇ ಕಳೆಯುವ ಸೌಲಭ್ಯ ಬಂದಿತು. 1986ರಲ್ಲಿ ಅದು ಶೇ. 20ಕ್ಕೆ ಇಳಿಯಿತು. 2017ರ ಕಾಯ್ದೆಯ ನಂತರ ಆ ಮೊತ್ತ ಐದು ವರ್ಷಗಳಲ್ಲಿ ಹಂಚಿ ದೊರೆಯುತ್ತದೆ. 2013ರಲ್ಲಿ ಅಂಗೀಕಾರಗೊಂಡು 2015ರಿಂದ ಜಾರಿಯಾದ ಟೆಕ್ಸಸ್ ರಾಜ್ಯದ ಶಾಸನ ಇದಕ್ಕೆ ಶೇ. 25ನ್ನು ಸೇರಿಸಿತು. ಈ ರಾಜ್ಯದಲ್ಲಿ ವೈಯಕ್ತಿಕ ಆದಾಯ ತೆರಿಗೆಯಿಲ್ಲವಾದ್ದರಿಂದ ಕಳೆಯುವುದು ವ್ಯಾಪಾರ ಸಂಸ್ಥೆಗಳ ಫ್ರಾಂಚೈಸ್ ತೆರಿಗೆಯಿಂದ. ಅಷ್ಟು ತೆರಿಗೆಯೇ ಇಲ್ಲದವನು ಆ ಹಕ್ಕನ್ನು ಬೇರೊಂದು ಸಂಸ್ಥೆಗೆ ಮಾರಬಹುದು. ಹತ್ತು ಲಕ್ಷ ಡಾಲರಿನ ಅರ್ಹ ದುರಸ್ತಿಗೆ ಎರಡೂ ಸೇರಿ ನಾಲ್ಕೂವರೆ ಲಕ್ಷ! ಆದರೆ ಕಟ್ಟಡ ಕೊಂಡ ಬೆಲೆ ಇದರಲ್ಲಿ ಸೇರದು, ಹೊಸದಾಗಿ ಸೇರಿಸಿದ ಭಾಗವೂ ಸೇರದು; ಕೇಂದ್ರದ ರಿಯಾಯಿತಿಗೆ ಕಟ್ಟಡ ಆದಾಯ ತರುವಂಥದ್ದಾಗಿರಬೇಕು. ಹೂಸ್ಟನ್ ನಗರವೂ ತನ್ನದೇ ದಾರಿ ಹುಡುಕಿತ್ತು. 1977ರಲ್ಲಿ ಮುಚ್ಚಿದ್ದ 1913ರ ರೈಸ್ ಹೋಟೆಲು 1998ರಲ್ಲಿ ವಸತಿ ಸಮುಚ್ಚಯವಾಗಿ ತೆರೆದುದರ ಹಿಂದೆ, ಆ ವಲಯದಲ್ಲಿ ಮುಂದೆ ಹೆಚ್ಚಲಿರುವ ಆಸ್ತಿ ತೆರಿಗೆಯನ್ನು ಅಲ್ಲಿಗೇ ವಿನಿಯೋಗಿಸುವ ವ್ಯವಸ್ಥೆಯಿತ್ತು.

ವರ್ತಕರನ್ನು ತೆರಿಗೆ ಬಿಟ್ಟು ಕರೆಯುವ ಪದ್ಧತಿ ಕನ್ನಡಿಗರಿಗೆ ಹೊಸತಲ್ಲ. ಪೇಟೆ ಕಟ್ಟಲು ಬರುವವರಿಗೆ ಮೊದಲ ವರ್ಷಗಳ ಸುಂಕವನ್ನು ಮನ್ನಿಸುವ ಕೌಲುಗಳು ವಿಜಯನಗರ ಕಾಲದ ಶಾಸನಗಳಲ್ಲಿ ದೊರೆಯುತ್ತವೆ. ಆದರೆ ಕಟ್ಟಿದ ಪೇಟೆ ಹಳತಾದ ಮೇಲೆ ಅದನ್ನು ಉಳಿಸಿಕೊಳ್ಳಲು ಕೌಲಿತ್ತವರು ವಿರಳ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಪಾರ್ಶ್ವ ಬಿದ್ದಿತು. ಕೆಡವಬೇಕೆ, ಉಳಿಸಬೇಕೆ ಎಂಬ ವಾದ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ನಗರಪಾಲಿಕೆಯ ಕಟ್ಟಡದಲ್ಲಿ ಬಾಡಿಗೆಗಿರುವ ಹೂವಿನವನಿಗಾಗಲಿ ಪುಸ್ತಕದಂಗಡಿಯವನಿಗಾಗಲಿ ತೆರಿಗೆ ಕಡಿತದಿಂದ ಏನೂ ಆಗದು. ಆ ಉಪಾಯ ಮಾಲೀಕನಿಗೆ ಮಾತ್ರ ದಕ್ಕುವಂಥದ್ದು.

ಮರಳಿ ನಮ್ಮೂರಿಗೆ ಬಂದರೆ, ಇಲ್ಲಿ ಸರ್ಕಾರ ಬಂಡವಾಳಗಾರರಿಗೆ ಕೊಟ್ಟ ಪ್ರೋತ್ಸಾಹದ ಚರಿತ್ರೆ ಕಹಿಯಾದದ್ದು. 1878ರಲ್ಲಿ ಟೆಕ್ಸಸ್ ರಾಜ್ಯ ತನ್ನ ಸೆರೆಯಾಳುಗಳನ್ನು ಎಡ್ವರ್ಡ್ ಕನ್ನಿಂಗ್‌ಹ್ಯಾಮ್ ಮತ್ತು ಲಿಟಲ್‌ಬೆರಿ ಎಲ್ಲಿಸ್ ಎಂಬ ಕಬ್ಬಿನ ತೋಟದ ಒಡೆಯರಿಗೆ ಗುತ್ತಿಗೆಗೆ ಕೊಟ್ಟಿತು. ಗುಲಾಮಗಿರಿ ರದ್ದಾದ ಮೇಲೂ ಹೆಚ್ಚಾಗಿ ಕರಿಯರೇ ಆಗಿದ್ದ ಈ ಕೈದಿಗಳು ಬ್ರೇಜಸ್ ನದಿಯ ಜೌಗುನೆಲದಲ್ಲಿ ದುಡಿದು ಸತ್ತರು. ನಮ್ಮ ಮಕ್ಕಳು ಡೈನೋಸಾರಿನ ಎಲುಬುಗಳನ್ನು ನೋಡಿ ಬೆರಗಾಗುವ ವಿಜ್ಞಾನ ಸಂಗ್ರಹಾಲಯ 2009ರಲ್ಲಿ ತೆರೆದುದು ನಂತರದ ಕಾಲದ ಸೆರೆಮನೆಯೊಂದರ ಕಟ್ಟಡದಲ್ಲಿ. ಹಳೆಯ ಕಟ್ಟಡಕ್ಕೆ ಹೊಸ ಬಳಕೆ ದೊರೆತದ್ದು ಒಳ್ಳೆಯದೇ. ಆದರೂ ಆ ಗೋಡೆಗಳ ಮೊದಲ ನಿವಾಸಿಗಳು ಯಾರೆಂದು ನಮ್ಮ ಮನೆಗಳಲ್ಲಿ ಬಹುಕಾಲ ಮಾತು ಬಂದಿರಲಿಲ್ಲ.

2018ರಲ್ಲಿ ಫೋರ್ಟ್ ಬೆಂಡ್ ಶಾಲಾ ಜಿಲ್ಲೆಯ ಹೊಸ ಕಟ್ಟಡಕ್ಕೆ ನೆಲ ಅಗೆಯುವಾಗ 95 ಜನರ ಅಸ್ಥಿಗಳು ದೊರೆತವು. ಒಮ್ಮೆ ಸೆರೆಮನೆಯ ಕಾವಲುಗಾರರಾಗಿದ್ದ ರೆಜಿನಾಲ್ಡ್ ಮೂರ್ ಅಲ್ಲಿ ಗೋರಿಗಳಿರಬೇಕೆಂದು ಅನೇಕ ವರ್ಷಗಳಿಂದ ಎಚ್ಚರಿಸುತ್ತಲೇ ಇದ್ದರು. ಚಾರ್ ಹೌಸ್‌ಗೆ ನಾಳೆ ಹೋಟೆಲೋ ಕಚೇರಿಯೋ ಬಂದರೆ ಲೆಕ್ಕ ಹಾಕಲು ಶೇಕಡಾವಾರುಗಳಿವೆ. ಸ್ಮಶಾನದಿಂದ ಆದಾಯವಿಲ್ಲ. ಆ 95 ಜನರನ್ನು 2019ರ ನವೆಂಬರಿನಲ್ಲಿ ಅದೇ ನೆಲದಲ್ಲಿ ಮತ್ತೆ ಮಣ್ಣುಮಾಡಿದರು. ಅವರಲ್ಲಿ ಒಬ್ಬಳು ಹೆಂಗಸು.