ಬೀದಿಯ ಗೋಡೆಯ ಚಿತ್ರಗಳು

ಗೋಡೆಯ ಮೇಲೆ ಚಿತ್ರ ಬರೆಯುವ ಪದ್ಧತಿಯು ಕನ್ನಡನಾಡಿಗೆ ಹೊಸತಲ್ಲ. ಮಲೆನಾಡಿನ ಸಾಗರ, ಸೊರಬ ಸೀಮೆಗಳಲ್ಲಿ ದೀವರ ಹೆಂಗಸರು ಪುಂಡಿನಾರಿನ ಕುಂಚವನ್ನು ಅಕ್ಕಿಹಿಟ್ಟಿನ ಬಿಳುಪಿನಲ್ಲಿ ಅದ್ದಿ, ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಹಸೆಚಿತ್ತಾರವನ್ನು ಬರೆಯುವರು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಲ್ಪಟ್ಟ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯಲ್ಲಿ 1780ರ ಪೊಳ್ಳಿಲೂರು ಯುದ್ಧವು ಚಿತ್ರಿತವಾಗಿದೆ. ಆಂಗ್ಲರ ಸೋಲನ್ನು ಸಾರುವ ಆ ಚಿತ್ರವು ಕೆಟ್ಟುಹೋದಾಗ ಅದನ್ನು ಮತ್ತೆ ಬರೆಯಿಸಿದವನು ಆಂಗ್ಲರ ಗವರ್ನರ್ ಜನರಲನಾದ ಡಾಲ್‌ಹೌಸಿಯೇ ಎಂಬುದು ಗಮನಾರ್ಹವಾಗಿದೆ. ಹೀಗೆ ಮನೆಯ ಚಿತ್ತಾರಕ್ಕೆ ಮನೆಯವರೂ, ಅರಮನೆಯ ಚಿತ್ರಕ್ಕೆ ಪ್ರಭುಗಳೂ ಆಶ್ರಯದಾತರಾದರು. ಆದರೆ ಎಲ್ಲರೂ ಹಾದುಹೋಗುವ ಬೀದಿಯ ಗೋಡೆಗೆ ಆಶ್ರಯದಾತರು ಯಾರು?

ಬೆಂಗಳೂರಿನಲ್ಲಿ ಈ ಪ್ರಶ್ನೆಯು ಜೀವನೋಪಾಯದ ಪ್ರಶ್ನೆಯಾಗಿಯೇ ಎದುರಾಯಿತು. ಚಿತ್ರಮಂದಿರಗಳ ಮುಂದೆ ನಿಲ್ಲುತ್ತಿದ್ದ ನಟನಟಿಯರ ಬೃಹದಾಕಾರದ ಚಿತ್ರಗಳನ್ನೂ ಅಂಗಡಿಗಳ ನಾಮಫಲಕಗಳನ್ನೂ ಕೈಯಿಂದಲೇ ಬರೆದು ಜೀವಿಸುತ್ತಿದ್ದ ಕುಶಲರು ಅಲ್ಲಿ ಬಹುಮಂದಿ ಇದ್ದರು. ಯಂತ್ರದಿಂದ ಮುದ್ರಿತವಾಗುವ ಫ್ಲೆಕ್ಸ್ ಹಾಳೆಗಳು ಬಂದೊಡನೆ ಅವರ ಕುಂಚಕ್ಕೆ ಕೆಲಸವಿಲ್ಲದಂತಾಯಿತು. 2009ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯು ಅಂಥವರನ್ನೇ ಕರೆದು ರಸ್ತೆಯ ಗೋಡೆಗಳನ್ನು ಅವರಿಗೆ ಒಪ್ಪಿಸಿತು. ಭಿತ್ತಿಪತ್ರಗಳಿಂದಲೂ ಮಲಿನತೆಯಿಂದಲೂ ಹೇಸಿಗೆಯಾಗಿದ್ದ ಗೋಡೆಗಳ ಮೇಲೆ ಹಂಪೆ, ಜೋಗ, ಯಕ್ಷಗಾನದ ವೇಷ, ಕಾಡಿನ ಮೃಗಗಳು ಮೂಡಿದವು. ಇವುಗಳಲ್ಲಿ ನವೀನತೆಯಿಲ್ಲವೆಂದು ಆಕ್ಷೇಪಿಸಿದವರೂ ಉಂಟು. ಆಕ್ಷೇಪವು ಸರಿಯಾಗಿದ್ದರೂ, ಮೂಗು ಮುಚ್ಚಿಕೊಂಡು ನಡೆಯುತ್ತಿದ್ದ ದಾರಿಯಲ್ಲಿ ಜನರು ತಲೆಯೆತ್ತಿ ನಡೆಯುವಂತಾದುದು ಸಣ್ಣ ಲಾಭವಲ್ಲ.

ಬಳಿಕ ಈ ಕಲೆಯು ರೈಲು ನಿಲ್ದಾಣಗಳ ಒಳಕ್ಕೂ ಬಂದಿತು. 2014ರಲ್ಲಿ ತೆರೆದ ಪೀಣ್ಯದ ಮೆಟ್ರೋ ನಿಲ್ದಾಣದಲ್ಲಿಯೂ, 2016ರಲ್ಲಿ ತೆರೆದ ಕಬ್ಬನ್ ಪಾರ್ಕ್ ನೆಲದಡಿಯ ನಿಲ್ದಾಣದಲ್ಲಿಯೂ ಸೃಷ್ಟಿ ಕಲಾಶಾಲೆಯ ವಿದ್ಯಾರ್ಥಿಗಳು ಚಿತ್ರಗಳನ್ನು ರಚಿಸಿದರು. ಬಿಸಿಲು ಕಾಣದ ಕಾಲುದಾರಿಗೂ ಬಣ್ಣದ ಬೆಳಕು ಬಂದಿತು.

ಆದರೂ ಬರೆದ ಮಾತ್ರಕ್ಕೆ ಚಿತ್ರವು ಉಳಿಯುವುದಿಲ್ಲ. ಒಂದು ಮಳೆಗಾಲವು ಸುಣ್ಣದ ಗೋಡೆಯನ್ನು ಏನು ಮಾಡಬಲ್ಲುದೆಂಬುದನ್ನು ಭದ್ರೆಯ ದಡದ ಬಾಳೆಹೊನ್ನೂರಿನವರಿಗೆ ಹೇಳಬೇಕಾದುದಿಲ್ಲ. ಹಸೆಚಿತ್ತಾರವು ಮದುವೆ ಬಂದಾಗಲೆಲ್ಲ ಹೊಸತಾಗಿ ಬರೆಯಲ್ಪಡುವುದರಿಂದಲೇ ಬಾಳಿಕೊಂಡು ಬಂದಿದೆ; ಪೊಳ್ಳಿಲೂರಿನ ಚಿತ್ರವೂ ಮತ್ತೆ ಬರೆಯಿಸಿದವರಿದ್ದುದರಿಂದಲೇ ಉಳಿಯಿತು. ಬೀದಿಯ ಚಿತ್ರಕ್ಕೆ ಅದರ ಮುಂದೆ ದಿನವೂ ನಡೆಯುವವರೇ ಒಡೆಯರು. ಅವರು ಅದನ್ನು ತಮ್ಮದೆಂದು ತಿಳಿದು ಕುಂಚ ಹಿಡಿಯುವವನನ್ನು ಮರಳಿ ಕರೆದರೆ ಚಿತ್ರವೂ ಉಳಿಯುವುದು, ಚಿತ್ರಗಾರನೂ ಉಳಿಯುವನು.