ಆಟಿ ತಿಂಗಳ ಊಟ (ಮಂಗಳೂರು)

ತುಳುವರ ಸೌರಮಾನ ಪಂಚಾಂಗದ ಆಟಿ ತಿಂಗಳಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಮಂಗಳೂರು ಹಾಗೂ ಸುತ್ತಲಿನ ಮನೆಗಳಲ್ಲಿ ರೂಢಿಯಲ್ಲಿರುವ ಆಹಾರಕ್ರಮ. ಹಿಂದೆ ಇದು ಕೊರತೆಯ ತಿಂಗಳು. ಕಣಜ ಬರಿದಾಗಿ, ಕಡಲಿಗಿಳಿಯಲಾಗದೆ, ಜನ ಗುಡ್ಡದ ಸೊಪ್ಪನ್ನೂ ಬೇಸಗೆಯಲ್ಲಿ ತೆಗೆದಿಟ್ಟ ಹಲಸನ್ನೂ ನೆಚ್ಚಿಕೊಳ್ಳುತ್ತಿದ್ದರು. ಈಗಲೂ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜುಲೈ 31ರವರೆಗೆ ನಿಷೇಧವಿರುತ್ತದೆ.

ಊಟದ ಆಧಾರ ಕುಚ್ಚಲಕ್ಕಿ ಗಂಜಿ. ಭತ್ತವನ್ನು ನೆನೆಸಿ, ಬೇಯಿಸಿ, ಒಣಗಿಸಿದ ಮೇಲೆ ಗಿರಣಿಗೆ ಹಾಕುವುದರಿಂದ ತೌಡಿನಲ್ಲಿರುವ ಬಿ ಜೀವಸತ್ವಗಳ ಒಂದಂಶ ಕಾಳಿನೊಳಗೆ ಇಳಿದು ಉಳಿಯುತ್ತದೆ. ಹಾಗೆ ಬೇಯಿಸದೆ ಗಿರಣಿಗೆ ಹಾಕಿದ ಬೆಳ್ತಿಗೆ ಅಕ್ಕಿಗೆ ಈ ಲಾಭವಿಲ್ಲ.

ಆಟಿಯ ಅಡುಗೆಯ ನಿಜವಾದ ಹೆಚ್ಚುಗಾರಿಕೆ ಅದರ ಎಚ್ಚರದಲ್ಲಿದೆ. ಎಲೆಗೆ ಅಕ್ಕಿಹಿಟ್ಟು ಸವರಿ ಸುತ್ತಿ ಬೇಯಿಸುವ ಪತ್ರೊಡೆಗೆ ಬಳಸುವ ಕೆಸುವಿನೆಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿದ್ದು ಗಂಟಲು ತುರಿಸುತ್ತದೆ. ಅದಕ್ಕೇ ಅರೆದ ಹಿಟ್ಟಿಗೆ ಹುಳಿ ಜೋರಾಗಿಯೇ ಬೀಳಬೇಕು, ಹಬೆಯಲ್ಲಿ ಚೆನ್ನಾಗಿ ಬೇಯಬೇಕು. ಕಣಿಲೆಯಲ್ಲಿ, ಅಂದರೆ ಎಳೆ ಬಿದಿರಿನಲ್ಲಿ, ಸಯನೈಡ್ ಬಿಡುಗಡೆ ಮಾಡುವ ಅಂಶವಿರುವುದರಿಂದ ಹೆಚ್ಚಿ ನೀರಿನಲ್ಲಿಟ್ಟು, ನೀರು ಬದಲಿಸಿಯೇ ಬೇಯಿಸುತ್ತಾರೆ. ತಜಂಕಿನ, ಅಂದರೆ ಚಗಟೆಯ, ಸೊಪ್ಪನ್ನು ಎಳೆಯದಾಗಿರುವಾಗಲೇ ಕೊಯ್ಯುವುದು ವಾಡಿಕೆ. ಉಪ್ಪುನೀರಿನ ಭರಣಿಯಲ್ಲಿಟ್ಟ ಹಲಸಿನ ಸೊಳೆಯನ್ನು ನೀರಿನಲ್ಲಿ ನೆನೆಸಿ, ಹಿಂಡಿ ಪಲ್ಯ ಮಾಡುತ್ತಾರೆ. ಆದರೂ ಉಪ್ಪು ಉಳಿಯುವುದರಿಂದ ಅಧಿಕ ರಕ್ತದೊತ್ತಡ ಇರುವವರು ಇದನ್ನು ಮಿತವಾಗಿ ತಿನ್ನುವುದೇ ಲೇಸು.

ಆಟಿ ಅಮಾವಾಸ್ಯೆಯ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಪಾಲೆ (ಹಾಲೆ) ಮರದ ಕೆತ್ತೆಯ, ಅಂದರೆ ತೊಗಟೆಯ, ಕಹಿ ಕಷಾಯ ಕುಡಿದು, ಬಳಿಕ ಮೆಂತೆ ಗಂಜಿ ಉಣ್ಣುವ ಕ್ರಮವಿದೆ. ಸೂರ್ಯೋದಯಕ್ಕೆ ಮೊದಲು ಕಲ್ಲಿನಿಂದ ಜಜ್ಜಿ ತೆಗೆದ ಕೆತ್ತೆಗೆ ಓಮ, ಕಾಳುಮೆಣಸು, ಬೆಳ್ಳುಳ್ಳಿ ಸೇರಿಸುತ್ತಾರೆ. ಮರ ಗುರುತಿಸುವಲ್ಲಿ ತಪ್ಪಿದರೆ ಅಪಾಯ: ಕಾಸರಕದಂಥ ಮರದ ತೊಗಟೆ ಘೋರ ವಿಷ. ಆದ್ದರಿಂದ ಮರ ಬಲ್ಲವರಿಂದಲೇ ಕೆತ್ತೆ ಪಡೆಯಬೇಕು, ಪ್ರಮಾಣವೂ ಅಲ್ಪವಿರಬೇಕು.

ನಗರದಲ್ಲಿ ಆಟಿಯ ಊಟ ಈಗ ಹೆಚ್ಚಾಗಿ ಸಂಘಸಂಸ್ಥೆಗಳು, ಕಾಲೇಜುಗಳು ನಡೆಸುವ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಕಾರ್ಯಕ್ರಮದಲ್ಲಿ ಕಾಣಿಸುತ್ತದೆ. ಹತ್ತಾರು ತಿನಿಸುಗಳನ್ನು ಒಂದೇ ಹೊತ್ತಿಗೆ ಬಡಿಸುವ ಈ ಔತಣ ರುಚಿಯನ್ನು ಮಕ್ಕಳಿಗೆ ದಾಟಿಸುತ್ತದೆ, ಅದು ದೊಡ್ಡ ಉಪಕಾರ. ಆದರೆ ಆಟಿಯ ಹಿತ ಇದ್ದದ್ದು ದಿನಕ್ಕೊಂದು ಸೊಪ್ಪು, ಒಂದು ಗಂಜಿ ಎಂಬ ಮಿತಿಯಲ್ಲಿ. ತಿಂಗಳಿಡೀ ಮನೆಮಂದಿಯೆಲ್ಲ ಅದನ್ನೇ ಉಣ್ಣುತ್ತಿದ್ದುದರಿಂದ ಪಥ್ಯ ಹಿಡಿಯುವ ಕಷ್ಟ ಯಾರೊಬ್ಬರ ಮೇಲೂ ಬೀಳುತ್ತಿರಲಿಲ್ಲ. ಈ ಅಡುಗೆಯತ್ತ ಸರಕಾರದ ಗಮನವೂ ಹರಿದಿದೆ: ಕೇಂದ್ರ ಆಯುಷ್ ಸಚಿವಾಲಯ 2021ರಲ್ಲಿ ಸಾಂಪ್ರದಾಯಿಕ ಆಹಾರಗಳ ಕೈಪಿಡಿಯಲ್ಲಿ ಪತ್ರೊಡೆಯನ್ನು ಸೇರಿಸಿತು. ಮಳೆಗಾಲದಲ್ಲಿ ಮಂಗಳೂರಿನ ಮಾರುಕಟ್ಟೆಗಳಲ್ಲಿ ಕೆಸುವಿನೆಲೆ, ಕಣಿಲೆ, ತಜಂಕ್ ಮಾರಾಟಕ್ಕೆ ಬರುತ್ತವೆ.