ಯಾರಿಂದ ಅಪಾಯ ಎಂಬ ಪ್ರಶ್ನೆಯನ್ನು ಬಿಟ್ಟುಕೊಟ್ಟ ಶಾಸ್ತ್ರ

ಸೋಂಕು ನಿಯಂತ್ರಣದ ಪಾಠ 1847ರ ವಿಯೆನ್ನಾದಿಂದ ಶುರುವಾಗುವುದು ವಾಡಿಕೆ. ಅಲ್ಲಿನ ದೊಡ್ಡಾಸ್ಪತ್ರೆಯ ಒಂದು ಹೆರಿಗೆ ವಿಭಾಗದಲ್ಲಿ ವೈದ್ಯ ವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರು ಕಲಿಯುತ್ತಿದ್ದರು. 1846ರಲ್ಲಿ ಮೊದಲನೆಯದರಲ್ಲಿ ನೂರಕ್ಕೆ 11ಕ್ಕೂ ಹೆಚ್ಚು ಬಾಣಂತಿಯರು ಸತ್ತರೆ, ಎರಡನೆಯದರಲ್ಲಿ 3ಕ್ಕಿಂತ ಕಡಿಮೆ. ಶವ ಕೊಯ್ದ ಕೈಯೇ ಕಾರಣವೆಂದು ಕಂಡುಕೊಂಡ ಅಲ್ಲಿನ ವೈದ್ಯ ಸೆಮ್ಮೆಲ್‌ವೈಸ್, ಕ್ಲೋರಿನ್ ಬೆರೆತ ಸುಣ್ಣದ ನೀರಿನಲ್ಲಿ ಎಲ್ಲರೂ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು, ಸಾವು ಇಳಿಯಿತು. ಇದನ್ನು ಅವರ ಮಾತು ಒಪ್ಪದ ಹಿರಿಯ ವೈದ್ಯರ ಹಠದ ಕಥೆಯಾಗಿ ಹೇಳುವವರು 1847ರ ಅಕ್ಟೋಬರ್ ತಿಂಗಳನ್ನು ಮರೆಯುತ್ತಾರೆ. ಗರ್ಭಕೋಶದ ಕ್ಯಾನ್ಸರ್‌ನಿಂದ ಕೀವು ಸೋರುತ್ತಿದ್ದ ಮಹಿಳೆಯನ್ನು ಮೊದಲು ಪರೀಕ್ಷಿಸಿ, ಅವೇ ಕೈಗಳು ಮುಂದಿನ ಹಾಸಿಗೆಗಳಿಗೆ ಹೋದವು. ಆ ಸಾಲಿನ 12 ಬಾಣಂತಿಯರಲ್ಲಿ 11 ಮಂದಿ ತೀರಿಕೊಂಡರು. ಅಪಾಯ ಹೆಣದಿಂದ ಮಾತ್ರ ಬರುತ್ತದೆಂಬ ಲೆಕ್ಕ ಅಲ್ಲಿಗೆ ಮುರಿಯಿತು. ‘ಯಾರಿಂದ ಅಪಾಯ?’ ಎಂದು ಕೇಳುವುದನ್ನು ಬಿಟ್ಟು ‘ಈಗ ನನ್ನ ಕೈ ಏನು ಮಾಡಲಿದೆ?’ ಎಂದು ಕೇಳಿದಾಗೆಲ್ಲ ಈ ಶಾಸ್ತ್ರ ಒಂದು ಹೆಜ್ಜೆ ಮುಂದೆ ಹೋಗಿದೆ ಎಂಬುದು ನನ್ನ ವಾದ.

ಶಸ್ತ್ರವೈದ್ಯ ಲಿಸ್ಟರ್ 1867ರಲ್ಲಿ ಪ್ರಕಟಿಸಿದ ಕಾರ್ಬಾಲಿಕ್ ಆಮ್ಲದ ಸೋಂಕುನಿವಾರಕ ವಿಧಾನ, ಪಾಶ್ಚರ್ ಮತ್ತು ಕಾಖ್‌ರ ಸೂಕ್ಷ್ಮಜೀವಿ ವಿಜ್ಞಾನ ಎಲ್ಲರಿಗೂ ತಿಳಿದದ್ದೇ. ಆದರೆ ಜೀವಿಯನ್ನು ಗುರುತಿಸಲು ಕಲಿತ ಆಸ್ಪತ್ರೆ, ರೋಗಿಯನ್ನೂ ಗುರುತು ಹಾಕಿ ನೋಡತೊಡಗಿತು. 1970ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ರೋಗಕ್ಕೆ ತಕ್ಕಂತೆ ಪ್ರತ್ಯೇಕಿಸುವ ವರ್ಗಗಳನ್ನು ಮಾಡಿ, ಬಾಗಿಲಿಗೆ ಬಣ್ಣದ ಕಾರ್ಡ್ ತೂಗುಹಾಕಿಸಿತು. ಎಚ್‌ಐವಿ ಬಂದಾಗ ಈ ಕ್ರಮ ಕೈಕೊಟ್ಟಿತು. ವರ್ಷಗಟ್ಟಲೆ ಲಕ್ಷಣವಿಲ್ಲದೆ ಓಡಾಡುವವರ ಬಾಗಿಲಿಗೆ ಯಾವ ಕಾರ್ಡ್? ಸೋಂಕಿನ ಮೊದಲ ದಿನಗಳಲ್ಲಿ ಪರೀಕ್ಷೆಗೂ ಅದು ಸಿಗುತ್ತಿರಲಿಲ್ಲ. 1980ರ ದಶಕದ ನಡುವಿನಲ್ಲಿ ಎಲ್ಲರ ರಕ್ತವನ್ನೂ ಸೋಂಕುಳ್ಳದ್ದೆಂದೇ ಭಾವಿಸಬೇಕೆಂಬ ನಿಯಮ ಬಂತು. 1996ರಲ್ಲಿ ಅದು ಬೆವರೊಂದನ್ನು ಬಿಟ್ಟು ದೇಹದ ಎಲ್ಲ ದ್ರವಗಳಿಗೂ ಹಿಗ್ಗಿ ‘ಪ್ರಮಾಣಿತ ಮುನ್ನೆಚ್ಚರಿಕೆ’ಯಾಯಿತು. ಅನುಮಾನದ ಜೊತೆಗಿದ್ದ ಅವಮಾನವೂ ಇದರಿಂದ ಒಂದಿಷ್ಟು ತಗ್ಗಿತು.

ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ಕ್ಷಯ, ದಡಾರದವರನ್ನು ಬೇರೆ ಇಡುವುದು ಬೇಡವೇ ಎಂಬ ಆಕ್ಷೇಪವಿದೆ. ಬೇಕು, ಆದರೆ ಅದು ಈ ನಿಯಮದ ಮೇಲೆ ಸೇರುವುದು, ಅದರ ಬದಲಿಗೆ ಬರುವುದಲ್ಲ. ಗ್ಲೌಸ್ ಹಾಕಿದರೆ ಸಾಕೆನ್ನುವವರಿಗೂ ಉತ್ತರ ‘ನನ್ನ ಕೈ ಏನು ಮಾಡಲಿದೆ?’ ಎಂಬ ಪ್ರಶ್ನೆಯಲ್ಲೇ ಇದೆ. ಒಂದೇ ಗ್ಲೌಸ್‌ನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋಗುವವರು ತಮ್ಮನ್ನು ಕಾಪಾಡಿಕೊಳ್ಳುತ್ತಾರೆ, ರೋಗಿಯನ್ನಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪವೆಂದರೆ, ಇದೆಲ್ಲ ಗೊತ್ತಿದ್ದೂ ಕೈ ತೊಳೆಯುವುದಿಲ್ಲವಲ್ಲ ಎಂಬುದು. ಜಿನೀವಾದ ಆಸ್ಪತ್ರೆಯಲ್ಲಿ ವೈದ್ಯ ಡಿಡಿಯೆ ಪಿಟ್ಟೆ ಅವರ ತಂಡ ಉಪದೇಶಕ್ಕಷ್ಟೇ ನಿಲ್ಲದೆ ಹಾಸಿಗೆಯ ಪಕ್ಕಕ್ಕೇ ಆಲ್ಕೋಹಾಲ್ ದ್ರಾವಣ ತಂದಿಟ್ಟಿತು. 1994ರಲ್ಲಿ ಶೇ. 48ರಷ್ಟಿದ್ದ ಪಾಲನೆ 1997ಕ್ಕೆ ಶೇ. 66ಕ್ಕೆ ಏರಿತು, ಆಸ್ಪತ್ರೆ ಸೋಂಕು ಶೇ. 16.9ರಿಂದ 9.9ಕ್ಕೆ ಇಳಿಯಿತು. ಹೋಲಿಸಲು ಇನ್ನೊಂದು ಗುಂಪಿರಲಿಲ್ಲವಾದ್ದರಿಂದ ಪೂರ್ತಿ ಶ್ರೇಯಸ್ಸು ಬಾಟಲಿಗೆ ಸಲ್ಲದು ಎಂಬ ಟೀಕೆ ನ್ಯಾಯವಾದದ್ದೇ. ಆದರೂ ಗಡಿಬಿಡಿಯ ಪಾಳಿಯಲ್ಲಿ ದೂರದ ಸಿಂಕ್‌ಗೆ ಹೋಗಿ 40–60 ಸೆಕೆಂಡು ತೊಳೆಯುವುದಕ್ಕೂ, ನಿಂತಲ್ಲೇ 20–30 ಸೆಕೆಂಡು ಉಜ್ಜುವುದಕ್ಕೂ ಇರುವ ಅಂತರಕ್ಕೆ ಹೆಚ್ಚಿನ ಸಾಕ್ಷಿ ಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿದ, ಕೈ ಶುಚಿಗೊಳಿಸಬೇಕಾದ ಐದು ಕ್ಷಣಗಳೂ ಇದೇ ದಾರಿಯವು: ರೋಗಿಯನ್ನು ಮುಟ್ಟುವ ಮುನ್ನ, ಶುದ್ಧ ಕಾರ್ಯವಿಧಾನದ ಮುನ್ನ, ದ್ರವ ತಗುಲಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ಅವರ ಸುತ್ತಲ ವಸ್ತು ಮುಟ್ಟಿದ ಮೇಲೆ. ರೋಗದ ಹೆಸರು ಎಲ್ಲೂ ಇಲ್ಲ.

ಜೀವಿ ಯಾವುದೆಂಬುದು ಮುಖ್ಯವಾಗುವ ಸಂದರ್ಭ ಇಲ್ಲದಿಲ್ಲ. ಕ್ಲಾಸ್ಟ್ರಿಡಿಯಾಯ್ಡಿಸ್ ಡಿಫಿಸಿಲ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಆಲ್ಕೋಹಾಲ್‌ಗೆ ಸಾಯುವುದಿಲ್ಲ, ಅಲ್ಲಿ ಸೋಪು-ನೀರೇ ಬೇಕು. ಇವೆಲ್ಲ ಶ್ರೀಮಂತ ದೇಶಗಳ ಮಾತೆಂದು ತಳ್ಳಿಹಾಕುವಂತೆಯೂ ಇಲ್ಲ. ಎಥನಾಲ್, ಗ್ಲಿಸರಾಲ್, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಕುದಿಸಿ ಆರಿಸಿದ ನೀರು ಸೇರಿಸಿ ಆಸ್ಪತ್ರೆಯ ಔಷಧಾಲಯದಲ್ಲೇ ಕೈ ಉಜ್ಜುವ ದ್ರಾವಣ ತಯಾರಿಸುವ ಸೂತ್ರವನ್ನು ವಿಶ್ವ ಆರೋಗ್ಯ ಸಂಸ್ಥೆ ಎಲ್ಲರಿಗೂ ಬಿಟ್ಟುಕೊಟ್ಟಿದೆ.